ಬೋರಮಾಳದೊಳಗಿನ ಅರಗು ಬಿಲ್ಲಿನಲ್ಲೂ ಕಾಣಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮದುವೆ ಹಂಗಾಮು ಬಂತೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಸರಾಫ ಅಂಗಡಿಗಳಲ್ಲಿ ಒಂದು ಜಗಳ ಕಾಯಂ. ಅಜ್ಜಿಯ ಬೋರಮಾಳ ಸರವನ್ನು ಮೊಮ್ಮಗಳಿಗೆ ಹೊಸ ಸಾಮಾನು ಮಾಡಿಸಲೆಂದು ಮುರಿಸಲು ತರುತ್ತಾರೆ. ತಕ್ಕಡಿಯಲ್ಲಿ ಎರಡು ತೊಲಿ ತೂಗಿದ ಸರ ಕರಗಿಸಿದ ಮೇಲೆ ಒಂದೂಕಾಲು ತೊಲಿಗೆ ಇಳಿದಿರುತ್ತದೆ. ‘ಪತ್ತಾರ (ಅಕ್ಕಸಾಲಿಗ) ನುಂಗಿದ’ ಎಂಬ ಮಾತು ಅಲ್ಲೇ ಹುಟ್ಟುತ್ತದೆ. ಕೆಲವೊಮ್ಮೆ ಆ ಮಾತು ನಿಜವೂ ಇರಬಹುದು, ನಮ್ಮವರನ್ನೆಲ್ಲ ಹರಿಶ್ಚಂದ್ರರೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಆದರೆ ಬೋರಮಾಳದ ಮಣಿ ಹೇಗೆ ತಯಾರಾಗುತ್ತದೆಂದು ಗೊತ್ತಿದ್ದರೆ ಆ ಮುಕ್ಕಾಲು ತೊಲಿ ಎಲ್ಲಿ ಹೋಯಿತೆಂದು ಗಿರಾಕಿಯೇ ಲೆಕ್ಕ ಹಾಕಬಹುದು, ಹೊಸದನ್ನು ಕೊಳ್ಳುವಾಗ ಏನು ಕೇಳಬೇಕೆಂಬುದೂ ತಿಳಿಯುತ್ತದೆ. ಪತ್ರ ಉದ್ದವಾಗಿದೆ. ಜಾಗ ಸಾಲದಿದ್ದರೆ ಬೇರೆ ಏನನ್ನಾದರೂ ಕತ್ತರಿಸಿ, ಲೆಕ್ಕದ ಭಾಗ ಮಾತ್ರ ಉಳಿಸಿಕೊಳ್ಳಿ.

ಬೋರಮಾಳದ ಮಣಿ ಬಾರಿಹಣ್ಣಿನ (ಬೋರೆಹಣ್ಣಿನ) ಆಕಾರದ್ದು, ಹೆಸರು ಬಂದದ್ದೂ ಅದರಿಂದಲೇ. ಮಣಿ ಗಟ್ಟಿ ಚಿನ್ನದ್ದಲ್ಲ. ತೆಳು ತಗಡಿನ ಎರಡು ಚಿಪ್ಪುಗಳನ್ನು ಬೆಸೆದು, ಒಳಗಿನ ಟೊಳ್ಳಿಗೆ ಅರಗು ತುಂಬಿರುತ್ತದೆ. ಅರಗಿಲ್ಲದಿದ್ದರೆ ಬೆರಳಲ್ಲಿ ಒತ್ತಿದರೂ ಮಣಿ ನೆಗ್ಗುತ್ತದೆ. ಅಂದರೆ ಅರಗು ಮೋಸಕ್ಕೆ ಸೇರಿಸಿದ್ದಲ್ಲ, ಸರ ಬಾಳಿಕೆ ಬರಲೆಂದು ಹಾಕಿದ್ದು. ಅರಗಿನ ಹುಳ ಮುತ್ತುಗದ ಮರದ ಜೊತೆ ಬಾರಿ ಮರದ ಮೇಲೂ ಬೆಳೆಯುತ್ತದೆ. ಬಾರಿಹಣ್ಣಿನ ಆಕಾರದ ಮಣಿಯ ಹೊಟ್ಟೆಗೆ ಬಾರಿ ಮರದ ಅರಗೇ ಬಂದು ಸೇರುವುದೂ ಉಂಟು.

ವಿನ್ಯಾಸವೆಂದರೆ ಚಿತ್ರ ಬರೆಯುವುದು ಎಂದು ಹಲವರು ತಿಳಿದಿದ್ದಾರೆ. ಬೋರಮಾಳದಲ್ಲಿ ಅದು ಹೆಚ್ಚಾಗಿ ಗಣಿತ. 7 ಮಿಲಿಮೀಟರ್ ಅಗಲದ 50 ಮಣಿಗಳನ್ನು ಸಾಲಾಗಿ ಇಟ್ಟರೆ 35 ಸೆಂಟಿಮೀಟರ್. ಕುತ್ತಿಗೆಯ ಹಿಂಭಾಗಕ್ಕೆ ಬರುವ ದಾರ, ಗೊಂಡೆ ಇದಕ್ಕೆ ಹೊರತು. ಮಣಿಯನ್ನು 8 ಮಿಲಿಮೀಟರಿಗೆ ದೊಡ್ಡದು ಮಾಡಿದರೆ ಅದೇ ದಪ್ಪದ ತಗಡಿಗೆ ಚಿನ್ನ ಶೇ. 30ರಷ್ಟು ಹೆಚ್ಚು ಬೇಕು, ಒಳಗಿನ ಅರಗು ಶೇ. 50ರಷ್ಟು ಹೆಚ್ಚುತ್ತದೆ. ‘ಕಾಣಲು ದಪ್ಪ ಇರಲಿ, ಬಂಗಾರ ಮಾತ್ರ ಅಷ್ಟೇ ಇರಲಿ’ ಎಂದರೆ ತಗಡನ್ನು 0.1 ಮಿಲಿಮೀಟರಿನಿಂದ 0.08ರ ಕೆಳಗೆ ಇಳಿಸುವುದೊಂದೇ ದಾರಿ. ಆಮೇಲೆ ಎರಡು ವರ್ಷದಲ್ಲಿ ಮಣಿ ನೆಗ್ಗಿತೆಂದು ಪತ್ತಾರನನ್ನು ಬೈದು ಪ್ರಯೋಜನವಿಲ್ಲ. ಮಣಿಯ ಗಾತ್ರ, ತಗಡಿನ ದಪ್ಪ, ಒಟ್ಟು ಚಿನ್ನ ಈ ಮೂರರಲ್ಲಿ ಎರಡನ್ನು ಗಿರಾಕಿ ಆರಿಸಬಹುದು. ಮೂರನೆಯದು ತಾನಾಗಿ ನಿರ್ಧಾರವಾಗುತ್ತದೆ.

ಇನ್ನು ಕೆಲಸಕ್ಕೆ ಬರೋಣ. 995 ಶುದ್ಧತೆಯ 10 ಗ್ರಾಂ ಗಟ್ಟಿಯನ್ನು 22 ಕ್ಯಾರೆಟ್ಟಿಗೆ, ಅಂದರೆ ಸಾವಿರಕ್ಕೆ 916ಕ್ಕೆ ತರಲು ಸುಮಾರು 860 ಮಿಲಿಗ್ರಾಂ ಬೆರಕೆ ಬೇಕು. ಬೆರಕೆಯಲ್ಲಿ ತಾಮ್ರ ಹೆಚ್ಚಾದರೆ ಬಣ್ಣ ಕೆಂಪಾಗುತ್ತದೆ, ತಗಡು ಗಡಸಾಗುತ್ತದೆ. ಬೆಳ್ಳಿ ಹೆಚ್ಚಾದರೆ ಬಣ್ಣ ತಿಳಿಹಳದಿ, ತಗಡು ಮೆದು. ಮೂಸೆಯಲ್ಲಿ ಬಿಳಿಗಾರ (ಬೋರಾಕ್ಸ್) ಹಾಕಿ ಕರಗಿಸಿ, ಎಣ್ಣೆ ಸವರಿ ಬಿಸಿ ಮಾಡಿಟ್ಟ ಅಚ್ಚಿಗೆ ಹೊಯ್ಯಬೇಕು. ಅಚ್ಚು ತಣ್ಣಗಿದ್ದರೆ ಅಥವಾ ತೇವವಿದ್ದರೆ ಗಟ್ಟಿಯೊಳಗೆ ಗುಳ್ಳೆ ಉಳಿಯುತ್ತದೆ. ಆ ಗುಳ್ಳೆ ಆಗ ಕಾಣುವುದಿಲ್ಲ. ತಗಡು 0.1 ಮಿಲಿಮೀಟರಿಗೆ ಬಂದಾಗ ಬೊಕ್ಕೆಯಾಗಿ ಏಳುತ್ತದೆ, ಅಷ್ಟರಲ್ಲಿ ಅರ್ಧ ದಿನದ ಕೆಲಸ ಹೋಗಿರುತ್ತದೆ.

ಗಟ್ಟಿಯನ್ನು ಸುತ್ತಿಗೆಯಲ್ಲಿ ಬಡಿದು, ಕೈಯಲ್ಲಿ ತಿರುಗಿಸುವ ರೋಲಿಂಗ್ ಮಷಿನ್ನಿನಲ್ಲಿ ತೆಳು ಮಾಡುತ್ತ ಹೋಗುತ್ತೇವೆ. ದಪ್ಪ ಅರ್ಧಕ್ಕೆ ಇಳಿದಾಗಲೆಲ್ಲ ಮಂದ ಕೆಂಪು ಬರುವವರೆಗೆ ಕಾಯಿಸಿ ಮೆದು ಮಾಡಬೇಕು. ಕಾಯಿಸದೆ ಎಳೆದರೆ ತಗಡಿನ ಅಂಚು ಸೀಳುತ್ತದೆ. ಅತಿಯಾಗಿ ಕಾಯಿಸಿದರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ, ಎಷ್ಟು ಉಜ್ಜಿದರೂ ಹೊಳಪು ಕೂರುವುದಿಲ್ಲ. ಕೆಂಪು ಎಷ್ಟಿದೆ ಎಂದು ತಿಳಿಯಲು ಈ ಕೆಲಸವನ್ನು ನೆರಳಿನಲ್ಲೇ ಮಾಡಬೇಕು. ನಮ್ಮ ಕಡೆಯ ಬಿಸಿಲಿನಲ್ಲಿ ಕಾದ ಚಿನ್ನವೂ ತಣ್ಣಗಿನ ಚಿನ್ನವೂ ಒಂದೇ ಥರ ಕಾಣುತ್ತವೆ. ದಪ್ಪದ ಅಳತೆಯಲ್ಲಂತೂ ಗೇಜಿನ ಮಾತೇ ಕೊನೆಯದು. 0.1 ಇರಬೇಕಾದದ್ದು 0.12 ಆದರೆ 50 ಮಣಿಗೆ ಎರಡೂವರೆ ಗ್ರಾಂ ಚಿನ್ನ ಹೆಚ್ಚು ಹೋಗುತ್ತದೆ.

7 ಮಿಲಿಮೀಟರ್ ಮಣಿಯ ಒಂದು ಚಿಪ್ಪಿಗೆ 10 ಮಿಲಿಮೀಟರ್ ಅಗಲದ ಬಿಲ್ಲೆ ಬೇಕು. 50 ಮಣಿಗೆ 100 ಬಿಲ್ಲೆ. ಬಿಲ್ಲೆಯನ್ನು ಕುಳಿಗಳಿರುವ ಅಚ್ಚಿನ ಮೇಲಿಟ್ಟು ಗುಂಡು ತಲೆಯ ಉಳಿಯಿಂದ ತಟ್ಟಿ ಬಟ್ಟಲಾಗಿಸುತ್ತೇವೆ. ಮೊದಲು ಅಗಲ ಕುಳಿ, ಆಮೇಲೆ ಅದಕ್ಕಿಂತ ಚಿಕ್ಕದು, ಹೀಗೆ ಮೂರು ನಾಲ್ಕು ಹಂತ. ಅವಸರ ಮಾಡಿ ಒಮ್ಮೆಲೇ ಚಿಕ್ಕ ಕುಳಿಗೆ ಇಳಿಸಿದರೆ ಅಂಚಿನಲ್ಲಿ ಸುಕ್ಕು ಬೀಳುತ್ತದೆ, ಸುಕ್ಕಿದ ಅಂಚು ಎಂದೂ ಸರಿಯಾಗಿ ಕೂಡುವುದಿಲ್ಲ.

ಇಲ್ಲಿ ಕಣ್ಣಿಗೆ ಕಾಣದ ಒಂದು ಶತ್ರುವಿನ ಬಗ್ಗೆ ಹೇಳಬೇಕು. ಬಡಿಯುವಾಗ ತಗಡಿಗೆ ಪೆಟ್ಟಾಗದಿರಲೆಂದು ಕೆಲವರು ಕೆಳಗೆ ಸೀಸದ ಗಟ್ಟಿ ಇಟ್ಟುಕೊಳ್ಳುತ್ತಾರೆ. ಸೀಸ ಮೆದು, ಕೆಲಸಕ್ಕೆ ಅನುಕೂಲ. ಆದರೆ ಅದರ ಒಂದು ಸಾಸಿವೆಯಷ್ಟು ತುಣುಕು ಚಿನ್ನಕ್ಕೆ ಅಂಟಿಕೊಂಡು ಬೆಂಕಿಗೆ ಹೋದರೆ ಸಾಕು, ಅಲ್ಲಿ ಚಿನ್ನ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಕಾಯಿಸುವ ಮೊದಲು ಪ್ರತಿ ಚಿಪ್ಪನ್ನೂ ತೊಳೆದು, ಉಜ್ಜಿ, ಬೆಳಕಿಗೆ ಹಿಡಿದು ನೋಡುವುದು ಇದಕ್ಕಾಗಿಯೇ. ಒಮ್ಮೆ ಸೀಸ ಸೇರಿತೆಂದರೆ ಬೇರೆ ಉಪಾಯವಿಲ್ಲ, ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಹಾಕಿ ಮತ್ತೆ ಕರಗಿಸಿ ಮೊದಲಿನಿಂದ ಶುರುಮಾಡಬೇಕು. ‘ಹೊಸ ಸರದ ಮಣಿ ತಾನಾಗಿ ಬಿರುಕು ಬಿಟ್ಟಿತು’ ಎಂದು ಯಾರಾದರೂ ತಂದು ತೋರಿಸಿದರೆ ನಮ್ಮ ಮೊದಲ ಅನುಮಾನ ಸೀಸದ ಮೇಲೆಯೇ.

ಚಿಪ್ಪಿನ ನಡುಮಧ್ಯೆ ಒಳಗಿನಿಂದ ತೂತು ಹೊಡೆಯಬೇಕು, ಅದೂ ಬೆಸುಗೆಗೆ ಮೊದಲೇ. ದಾರ ಹಾಯಲು ಮಾತ್ರವಲ್ಲ, ಗಾಳಿ ಹೋಗಲಿಕ್ಕೂ ಅದು ಬೇಕು. ತೂತಿಲ್ಲದೆ ಮುಚ್ಚಿದ ಟೊಳ್ಳು ಮಣಿಯನ್ನು ಕಾಯಿಸಿದರೆ ಒಳಗಿನ ಗಾಳಿ ಹಿಗ್ಗಿ ಪಟಾಕಿಯಂತೆ ಸಿಡಿಯುತ್ತದೆ.

ಆಮೇಲೆ ಚಿಪ್ಪುಗಳ ಅಂಚನ್ನು ನಯವಾದ ಅರದ ಮೇಲೆ ತಿಕ್ಕಿ ಸಮ ಮಾಡಿ, ಎರಡನ್ನು ಮುಖಾಮುಖಿ ಇಟ್ಟು ಬೆಸೆಯುತ್ತೇವೆ. ಎರಡು ಚಿಪ್ಪಿನ ನಡುವೆ ಬೆಳಕು ಹಾಯಬಾರದು. ಸಂದು ಇದ್ದಲ್ಲಿ ಬೆಸುಗೆ ಹರಿಯುವುದಿಲ್ಲ, ಇಡೀ ಗುಟ್ಟು ಇಷ್ಟರಲ್ಲೇ ಇದೆ. ಬಿಳಿಗಾರವನ್ನು ನೀರಿನಲ್ಲಿ ಅರೆದು ಅಂಚಿಗೆ ಸವರಿ, ಬೆಸುಗೆ ಪುಡಿಯನ್ನು ಚಿಟಿಕೆಗಿಂತ ಕಡಿಮೆ ಉದುರಿಸಿ, ಇಡೀ ಮಣಿಯನ್ನು ಒಂದೇ ಸಮ ಕಾಯಿಸಬೇಕು. ಬೆಸುಗೆ ಯಾವಾಗಲೂ ಹೆಚ್ಚು ಬಿಸಿ ಇರುವ ಕಡೆಗೇ ಓಡುತ್ತದೆ. ಉರಿಯನ್ನು ಒಂದೇ ಬದಿಗೆ ಹಿಡಿದರೆ ಆ ಬದಿ ತುಂಬಿ ಇನ್ನೊಂದು ಬದಿ ಬಾಯಿ ಬಿಟ್ಟಿರುತ್ತದೆ. ಇಷ್ಟು ತೆಳು ತಗಡಿನಲ್ಲಿ ಬೆಸುಗೆ ಕರಗುವ ಕ್ಷಣಕ್ಕೂ ತಗಡೇ ಕರಗಿ ಕುಸಿಯುವ ಕ್ಷಣಕ್ಕೂ ನಡುವೆ ಸಿಗುವುದು ಒಂದೆರಡು ಉಸಿರಿನಷ್ಟು ಹೊತ್ತು. ಬೆಸುಗೆ ಬೆಳ್ಳಗೆ ಮಿಂಚಿ ಸುತ್ತ ಓಡಿದ ಕೂಡಲೇ ಉರಿ ತೆಗೆಯಬೇಕು.

ಒಂದು ಮಣಿಯ ಸುತ್ತಳತೆ 22 ಮಿಲಿಮೀಟರ್. 50 ಮಣಿಗೆ ಬೆಸುಗೆಯ ಗೆರೆ ಒಂದು ಮೀಟರಿಗಿಂತ ಉದ್ದ. ಬಳೆಯಲ್ಲೋ ಉಂಗುರದಲ್ಲೋ ಇಷ್ಟು ಬೆಸುಗೆ ಇರುವುದಿಲ್ಲ, ಅದಕ್ಕೇ ಬೋರಮಾಳದಲ್ಲಿ ಬೆಸುಗೆಯ ಗುಣಮಟ್ಟಕ್ಕೆ ಇಷ್ಟು ಬೆಲೆ. ಮಣಿಗೆ 10 ಮಿಲಿಗ್ರಾಂ ಬೆಸುಗೆ ಎಂದು ಹಿಡಿದರೂ 50ಕ್ಕೆ ಅರ್ಧ ಗ್ರಾಂ. ಆ ಬೆಸುಗೆಯಲ್ಲಿ ಚಿನ್ನ ಸಾವಿರಕ್ಕೆ 700 ಮಾತ್ರ ಇದ್ದರೆ, 916ರ ತಗಡಿನಿಂದ ಮಾಡಿದ 13 ಗ್ರಾಂ ಸರವನ್ನು ಪೂರ್ತಿ ಕರಗಿಸಿದಾಗ 908ರ ಆಸುಪಾಸು ಬರುತ್ತದೆ. ಹಳೆಯ ಸರಗಳು ಒರೆಗಲ್ಲಿನ ಮೇಲೆ 22 ಕ್ಯಾರೆಟ್ ತೋರಿಸಿ, ಕರಗಿಸಿದಾಗ ಕಡಿಮೆ ಬರುವುದಕ್ಕೆ ಇದೊಂದು ದೊಡ್ಡ ಕಾರಣ. ಒರೆಗಲ್ಲಿಗೆ ತಾಗುವುದು ಮಣಿಯ ಹೊಟ್ಟೆ, ಬೆಸುಗೆಯ ಗೆರೆಯಲ್ಲ.

ಈ ತೊಂದರೆ ತಪ್ಪಿಸಲು ಬಂದದ್ದೇ ಕೆಡಿಎಂ. 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಸೇರಿಸಿದ ಬೆಸುಗೆ ಅದು. ಶುದ್ಧತೆ ಕೆಡುವುದಿಲ್ಲ, ಬೇಗ ಕರಗುತ್ತದೆ. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ, ಊದುಗೊಳವೆ ಹಿಡಿದವನ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಕುತ್ತು. ಈಗ ಕ್ಯಾಡ್ಮಿಯಂ ಇಲ್ಲದ, ಸತು ಬೆರೆಸಿದ ಬೆಸುಗೆ ಪುಡಿ ಸಿಗುತ್ತದೆ. ಹೀಗಿದ್ದರೂ ‘ಇದು ಕೆಡಿಎಂ ಬಂಗಾರ’ ಎಂದು ಅಂಗಡಿಯವರು ಹೆಮ್ಮೆಯಿಂದ ಹೇಳುವುದು, ಗಿರಾಕಿಗಳು ಕೇಳಿ ಸಮಾಧಾನಪಡುವುದು ನಿಂತಿಲ್ಲ. ಅದು ಬೆಸುಗೆಯ ಹೆಸರು, ಶುದ್ಧತೆಯ ಮುದ್ರೆಯಲ್ಲ.

ಬೆಸೆದ ಮೇಲೆ ತಿಳಿ ಗಂಧಕಾಮ್ಲದಲ್ಲಿ ಹಾಕಿ ಕಪ್ಪು ತೆಗೆಯುತ್ತೇವೆ. ಆಮ್ಲ ತೂತಿನ ಮೂಲಕ ಒಳಗೆ ಹೋಗಿರುತ್ತದೆ. ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಆಮೇಲೆ ಬರಿ ನೀರಿನಲ್ಲಿ ಎರಡು ಸಲ ಕುದಿಸಿ, ಪೂರ್ತಿ ಒಣಗಿಸಬೇಕು. ಈ ಹಂತ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ತೂತಿನ ಸುತ್ತ ಕಪ್ಪು ಕಟ್ಟಿ, ದಾರ ಕೊಳೆತು ಹರಿಯುತ್ತದೆ.

ಅರಗು ತುಂಬುವುದು ನೋಡಲು ಸುಲಭದ ಕೆಲಸ. ಅರಗನ್ನು ಕಾಯಿಸಿ ಕಡ್ಡಿಯಂತೆ ಎಳೆದು, ಮಣಿಯನ್ನೂ ಸ್ವಲ್ಪ ಬಿಸಿ ಮಾಡಿ, ತೂತಿನಿಂದ ಒಳಗೆ ಇಳಿಸುತ್ತೇವೆ. ಆರುವ ಮೊದಲೇ ಕಾದ ಸೂಜಿಯಿಂದ ದಾರಕ್ಕೆ ಹಾದಿ ಮಾಡಬೇಕು. ಮಣಿ ತಣ್ಣಗಿದ್ದರೆ ಅರಗು ಬಾಯಲ್ಲೇ ಗಟ್ಟಿಯಾಗಿ ಹೊಟ್ಟೆ ಖಾಲಿ ಉಳಿಯುತ್ತದೆ, ಅಂಥ ಮಣಿಯೇ ಮೊದಲು ನೆಗ್ಗುವುದು. ಮಣಿ ಅತಿ ಬಿಸಿಯಾದರೆ ಅರಗು ಸುಟ್ಟು ಗುಳ್ಳೆ ಬಿಡುತ್ತದೆ.

ಈಗ ಲೆಕ್ಕ. 22 ಕ್ಯಾರೆಟ್ ಚಿನ್ನ ಘನ ಸೆಂಟಿಮೀಟರಿಗೆ ಸುಮಾರು 17.7 ಗ್ರಾಂ ತೂಗುತ್ತದೆ, ಅರಗು ಸುಮಾರು 1.1 ಗ್ರಾಂ. 0.1 ಮಿಲಿಮೀಟರ್ ತಗಡಿನ, 7 ಮಿಲಿಮೀಟರಿನ ಒಂದು ಮಣಿಯಲ್ಲಿ ಚಿನ್ನ 0.26 ಗ್ರಾಂ. ದಾರದ ಹಾದಿ ಬಿಟ್ಟು ಉಳಿದ ಟೊಳ್ಳಿನಲ್ಲಿ ಅರಗು ಸುಮಾರು 0.165 ಗ್ರಾಂ. 50 ಮಣಿಗೆ ಚಿನ್ನ 13 ಗ್ರಾಂ, ಅರಗು 8.2 ಗ್ರಾಂ. ತಕ್ಕಡಿ ತೋರಿಸುವುದು 21.2 ಗ್ರಾಂ. ಐದರಲ್ಲಿ ಹೆಚ್ಚುಕಡಿಮೆ ಎರಡು ಪಾಲು ಅರಗು! ಇಡೀ 21.2 ಗ್ರಾಮಿಗೂ ಬಂಗಾರದ ಧಾರಣೆ ಹಾಕಿ ಮಾರಿದರೆ ಅದು ಮೋಸ. 13 ಗ್ರಾಮಿಗೆ ಧಾರಣೆ ಹಾಕಿ, ಅರಗನ್ನು ಬೇರೆ ಸಾಲಿನಲ್ಲಿ ಬರೆದು ಕೊಟ್ಟರೆ ಮೂವತ್ತು ವರ್ಷದ ಮೇಲೆ ಮುರಿಸಿದಾಗಲೂ ಜಗಳಕ್ಕೆ ಕಾರಣವಿಲ್ಲ. ಹಳೆಯ ಚೀಟಿಗಳಲ್ಲಿ ಇನ್ನೊಂದು ಗೊಂದಲವೂ ಉಂಟು. ಹಿಂದಿನ ತೊಲಿ 96 ಗುಂಜಿಯದು, 11.66 ಗ್ರಾಂ. ಈಗ ಪೇಟೆಯಲ್ಲಿ ತೊಲಿ ಎಂದರೆ 10 ಗ್ರಾಂ. ಅಜ್ಜಿಯ ಚೀಟಿಯ ಎರಡು ತೊಲಿಯನ್ನು ಇಂದಿನ ಎರಡು ತೊಲಿಗೆ ಹೋಲಿಸಬಾರದು.

ಚೀಟಿಯೇ ಇಲ್ಲದ ಸರದಲ್ಲಿ ಅರಗು ಎಷ್ಟಿದೆಯೆಂದು ಮುರಿಯದೆ ತಿಳಿಯಬಹುದು. ಹಳೆಯ ದಾರ ಬಿಚ್ಚಿ, ಮಣಿಗಳನ್ನು ಸಪೂರ ನೈಲಾನ್ ಎಳೆಗೆ ಹಾಕಿ ತೂಗಿ. ಆಮೇಲೆ ತಣ್ಣೀರಿನಲ್ಲಿ ಪೂರ್ತಿ ಮುಳುಗುವಂತೆ, ಪಾತ್ರೆಯ ತಳಕ್ಕೆ ತಾಗದಂತೆ ತಕ್ಕಡಿಯಿಂದ ತೂಗುಬಿಟ್ಟು ಮತ್ತೆ ತೂಗಿ. ತೂತುಗಳಲ್ಲಿ ಗಾಳಿ ಗುಳ್ಳೆ ಉಳಿಯದಂತೆ ಅಲ್ಲಾಡಿಸಿ. ಎರಡು ತೂಕಗಳ ವ್ಯತ್ಯಾಸದಿಂದ, ಮೊದಲ ತೂಕವನ್ನು 17.7ರಿಂದ ಭಾಗಿಸಿ ಬಂದದ್ದನ್ನು ಕಳೆಯಿರಿ. ಉಳಿದದ್ದನ್ನು 0.85ರಿಂದ ಭಾಗಿಸಿದರೆ ಅರಗಿನ ತೂಕ ಗ್ರಾಮಿನಲ್ಲಿ ಸಿಗುತ್ತದೆ. ಮೇಲಿನ ಸರ ನೀರಿನಲ್ಲಿ 8.2 ಗ್ರಾಂ ಹಗುರಾಗುತ್ತದೆ. 21.2ನ್ನು 17.7ರಿಂದ ಭಾಗಿಸಿದರೆ 1.2. ಕಳೆದರೆ 7, ಅದನ್ನು 0.85ರಿಂದ ಭಾಗಿಸಿದರೆ 8.2. ಅರಗಿಗೆ ಇಟ್ಟಿಗೆ ಪುಡಿಯಂಥದ್ದು ಬೆರೆಸಿದ್ದರೆ ಈ ಲೆಕ್ಕ ಅರಗನ್ನು ಕಡಿಮೆ ತೋರಿಸುತ್ತದೆ, ಒಳಗೆ ಖಾಲಿ ಜಾಗ ಉಳಿದಿದ್ದರೆ ಹೆಚ್ಚು ತೋರಿಸುತ್ತದೆ. ಹಾಗಾಗಿ ಇದನ್ನು ಅಂದಾಜು ಎಂದೇ ತಿಳಿಯಿರಿ. ಮಾತಾಡಲು ಒಂದು ಆಧಾರ ಸಿಕ್ಕರೆ ಸಾಕು.

‘ಹಾಲ್‌ಮಾರ್ಕ್ ಇದೆಯಲ್ಲ, ಮತ್ತೇಕೆ ಚಿಂತೆ’ ಎನ್ನುವವರಿಗೆ: ಹಾಲ್‌ಮಾರ್ಕ್ ಶುದ್ಧತೆ ಹೇಳುತ್ತದೆ, ಒಳಗೆ ಎಷ್ಟು ಅರಗಿದೆ ಎಂದು ಹೇಳುವುದಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಶುದ್ಧತೆ ಹೇಳುವ 22ಕೆ916, ಪ್ರತಿ ಒಡವೆಗೂ ಬೇರೆಯಾಗಿರುವ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ಈ ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣವನ್ನು ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಬರುತ್ತದೆ. ಎರಡು ಗ್ರಾಮಿಗಿಂತ ಕಡಿಮೆಯ ಒಡವೆಗೂ, ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರದ ಸಣ್ಣ ವ್ಯಾಪಾರಿಗೂ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಗಲ್ಲಿಯ ಪತ್ತಾರನ ಬಳಿ ಮುದ್ರೆ ಇಲ್ಲವೆಂದ ಮಾತ್ರಕ್ಕೆ ಅವನು ಕಳ್ಳನಲ್ಲ. ಬಹಳ ಜನ ಗಮನಿಸದ ಸಂಗತಿಯೊಂದಿದೆ: ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಅಮೂಲ್ಯ ಲೋಹದ ನಿವ್ವಳ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಇರಬೇಕು. ನಿವ್ವಳ ತೂಕವೆಂದರೆ ಅರಗು, ದಾರ, ಹರಳು ಬಿಟ್ಟದ್ದು. ಅಂಗಡಿಯವರು ಒಟ್ಟು ತೂಕವನ್ನಷ್ಟೇ ಬರೆದರೆ ಅಲ್ಲೇ ತಡೆಯಿರಿ. ಶುದ್ಧತೆಯ ಬಗ್ಗೆ ಅನುಮಾನವಿದ್ದರೆ ಹಾಲ್‌ಮಾರ್ಕ್ ಕೇಂದ್ರದಲ್ಲಿ ನಾಲ್ಕು ಒಡವೆಯವರೆಗೆ 200 ರೂಪಾಯಿಗೆ, ಮೇಲೆ ತೆರಿಗೆ, ಪರೀಕ್ಷೆ ಮಾಡಿಸಬಹುದು. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ ಕೊರತೆಯ ಮೊತ್ತದ ಎರಡರಷ್ಟು ಪರಿಹಾರ ಕೊಡಬೇಕೆಂದು ನಿಯಮವೇ ಹೇಳುತ್ತದೆ.

ಸವಕಳಿಯ ವಿಷಯ ನಮ್ಮವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಬರೆಯುತ್ತೇವೆ. ಮೇಲಿನ ಸರದ ನೂರು ಬಿಲ್ಲೆ ಕತ್ತರಿಸಲು ಸುಮಾರು 19.5 ಗ್ರಾಂ ತಗಡು ಬೇಕು. ಬಿಲ್ಲೆಗಳ ತೂಕ 13.9 ಗ್ರಾಂ. ನಡುವಿನ 5.6 ಗ್ರಾಂ ಚೂರು ಪೂರ್ತಿ ಮೂಸೆಗೇ ವಾಪಸ್ ಹೋಗುತ್ತದೆ, ಅದು ಸವಕಳಿಯೇ ಅಲ್ಲ. ಬಿಲ್ಲೆಯಿಂದ ಮಣಿಯಾಗುವಾಗ ಅರದ ಪುಡಿ, ತೂತಿನ ಚುಕ್ಕೆ ಸೇರಿ 0.9 ಗ್ರಾಂ ಹೋಗುತ್ತದೆ. ಇದರಲ್ಲೂ ಹೆಚ್ಚಿನದು ಹಲಗೆಯ ಕೆಳಗಿನ ಚರ್ಮದ ಜೋಳಿಗೆಯಲ್ಲಿ ಸಿಗುತ್ತದೆ. ನೆಲದ ಕಸವನ್ನೂ ಜಲಗಾರರು ದುಡ್ಡು ಕೊಟ್ಟು ಒಯ್ದು ತೊಳೆದು ಚಿನ್ನ ತೆಗೆಯುತ್ತಾರೆ. ನಿಜವಾಗಿ ಕೈತಪ್ಪುವುದು ಮೂಸೆಗೆ ಅಂಟಿದ್ದು, ಹೊಳಪು ಕೊಡುವಾಗ ಹಾರಿದ್ದು, ಬೆಸುಗೆಯ ಹೊಗೆಯಲ್ಲಿ ಹೋದದ್ದು, ಇಷ್ಟೇ. ಬಿಲ್ಲಿನಲ್ಲಿ ‘ವೇಸ್ಟೇಜ್’ ಎಂದು ಶೇಕಡಾವಾರು ಬರೆಯುವುದರಲ್ಲಿ ಬಹುಪಾಲು ಮಜೂರಿಯೇ ಅಡಗಿದೆ. ಅಡಗಿಸಿಡುವ ಕೆಲಸವೇಕೆ? ಚಿನ್ನದ ಧಾರಣೆ ಇಮ್ಮಡಿಯಾದರೆ ಶೇಕಡಾ ಲೆಕ್ಕದ ಮೊತ್ತವೂ ಇಮ್ಮಡಿಯಾಗುತ್ತದೆ, ಆದರೆ 50 ಮಣಿಯ ಕೆಲಸ ಅಷ್ಟೇ ಇರುತ್ತದೆ. ಹೆಚ್ಚಾದ ಆ ದುಡ್ಡು ಹಲಗೆ ಮುಂದೆ ಕೂತವನ ಕೈಗೆ ಬರುವುದೂ ಇಲ್ಲ, ಅಂಗಡಿಯವರ ಗಲ್ಲೆಯಲ್ಲೇ ಉಳಿಯುತ್ತದೆ. ಮಣಿಗೆ ಇಷ್ಟು ಎಂದು ಮಜೂರಿ ಬರೆಯಿರಿ, ಗಿರಾಕಿಯೂ ಚೌಕಾಸಿ ಮಾಡಲಿ. ನಮಗೆ ಅದೇ ಮರ್ಯಾದೆ.

ಇಟ್ಟುಕೊಳ್ಳುವ ಬಗ್ಗೆ ಎರಡು ಮಾತು. ಅರಗು ತುಂಬಿದ ಸರವನ್ನು ಬಿಸಿನೀರಲ್ಲಿ ತೊಳೆಯಬೇಡಿ, ಬೇಸಿಗೆಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಸ್ಪಿರಿಟ್ ಅರಗನ್ನು ಕರಗಿಸುತ್ತದೆ. ಅತ್ತರು, ಸ್ಯಾನಿಟೈಜರ್ ಹಾಕಿದ ಕೈ ಒಣಗಿದ ಮೇಲೆಯೇ ಸರ ಮುಟ್ಟಿ. ಕೊಳೆಯಾದರೆ ಅಂಟವಾಳದ ತಣ್ಣೀರು, ಮೆದು ಬ್ರಷ್ ಸಾಕು. ನೆಗ್ಗಿದ ಮಣಿಯನ್ನು ಮನೆಯಲ್ಲಿ ಸೂಜಿಯಿಂದ ಎತ್ತಲು ಹೋಗಬೇಡಿ. ಅರಗು ತೆಗೆದು, ಒಳಗಿನಿಂದ ಎತ್ತಿ, ಮತ್ತೆ ತುಂಬಬೇಕಾಗುತ್ತದೆ.

ಸರ ಪೋಣಿಸುವ ಪಟವೇಗಾರರ ಬಳಿ ದಾರ ಬದಲಿಸಲು ಕೊಡುವಾಗ ಮಣಿಗಳನ್ನು ಅಲ್ಲೇ ಎಣಿಸಿ, ದಾರವಿಲ್ಲದೆ ತೂಗಿಸಿ, ಸಂಖ್ಯೆ ಮತ್ತು ತೂಕ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿಯನ್ನು ಸರದ ಡಬ್ಬಿಯಲ್ಲೇ ಇಡಿ.

ಇಂತಿ,
ಬೋರಮಾಳ ಕೆಲಸದ ಕೆಲವು ಪತ್ತಾರರು
ಬಾಗಲಕೋಟೆ